ಅಂಚಿನಲ್ಲಿ ನಿಂತ ದೊಡ್ಡವ್ವ

ಮದುವೆಯ ವಿಡಿಯೋ ಕ್ಯಾಸೆಟ್ಟಿನ ಆಯುಷ್ಯ ನಿಮಗೆ ಗೊತ್ತೇ ಇದೆ. ಮದುವೆಯಾದ ಹೊಸತರಲ್ಲಿ ಹತ್ತು ಸಲ ನೋಡುತ್ತೇವೆ. ಮೊದಲ ಕೂಸು ಹುಟ್ಟುವತನಕ ಇನ್ನೊಂದೆರಡು ಸಲ. ಆಮೇಲೆ ಅದು ಕಪಾಟಿನ ಮೇಲಿನ ಖಾನೆಗೆ ಏರಿ, ಹಳೆಯ ಲಗ್ನಪತ್ರಿಕೆ, ಮುರಿದ ಕನ್ನಡಕಗಳ ಜೊತೆ ಸಂಸಾರ ಮಾಡತೊಡಗುತ್ತದೆ. ನನ್ನ ತಮ್ಮನ ಮದುವೆಯ ಎರಡು ಕ್ಯಾಸೆಟ್ಟುಗಳೂ ಹೀಗೆಯೇ ಮೂವತ್ತು ವರ್ಷ ಕಳೆದವು. 2024ರ ಮೇ ತಿಂಗಳಲ್ಲಿ ಅವನ ಮದುವೆಗೆ ಮೂವತ್ತು ತುಂಬುತ್ತದೆಂದು ಅವನ ಮಗಳು ಬೆಂಗಳೂರಿನಿಂದ ಎಂಟು ದಿನ ಮೊದಲೇ ಬಂದು ಇಳಿದಳು. ಅವಳದು ಕಂಪ್ಯೂಟರಿನ ನೌಕರಿ. ಬಂದವಳೇ ಕೇಳಿದ್ದು ಒಂದೇ ಮಾತು: "ಅತ್ತಿ, ಆ ಕ್ಯಾಸೆಟ್ ಎಲ್ಲಿ ಅದಾವ್ರಿ? ಕಾರ್ಯಕ್ರಮದ ದಿನ ದೊಡ್ಡ ಟೀವ್ಯಾಗ ಎಲ್ಲಾರಿಗೂ ತೋರಸೂಣು."

ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಊರಿನ ಹೆಸರಿನ ಮುಂದೆ 'ಜಿ. ವಿಜಾಪುರ' ಎಂದು ಬರೆದಿತ್ತು. ಹೌದಲ್ಲ, ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. 1994ರಲ್ಲಿ ನಾವಿನ್ನೂ ವಿಜಾಪುರ ಜಿಲ್ಲೆಯವರು. ಮದುವೆ ನಡೆದದ್ದು ಹಳೆಯ ಊರಿನ ನಮ್ಮ ಮನೆಯ ಮುಂದೆ, ಘಟಪ್ರಭೆಯ ಕಡೆಗಿದ್ದ ತಗ್ಗಿನ ಓಣಿಯಲ್ಲಿ. ಆಲಮಟ್ಟಿ ಜಲಾಶಯದಲ್ಲಿ ನೀರು 519.60 ಮೀಟರಿನವರೆಗೆ ನಿಲ್ಲತೊಡಗಿದ ಮೇಲೆ ಆ ಓಣಿ ಉಳಿಯಲಿಲ್ಲ. ನಾವು ನವನಗರಕ್ಕೆ ಬಂದೆವು. ಹೊಸ ಮನೆಯಲ್ಲಿ ಗಾಳಿ ಬೆಳಕು ಬೇಕಾದಷ್ಟಿದೆ, ಅಂಗಳವೂ ಇದೆ. ಆದರೆ ನಮ್ಮ ಪಡಸಾಲೆ, ಅದರ ಕಂಬ, ಅಡಿಗೆಮನೆಯ ಗಿಡ್ಡ ಬಾಗಿಲು, ಗೋಡೆಯ ಮೇಲಿನ ದುಂಡು ಗಡಿಯಾರ ಇವೆಲ್ಲ ಚಲಿಸುವ ಚಿತ್ರವಾಗಿ ಉಳಿದಿರುವುದು ಆ ಎರಡು ಕ್ಯಾಸೆಟ್ಟಿನಲ್ಲಿ ಮಾತ್ರ.

ಕ್ಯಾಸೆಟ್ಟೇನೋ ಸಿಕ್ಕಿತು, ಹಾಕಿ ನೋಡುವುದು ಎಲ್ಲಿ? ಜಗತ್ತಿನಲ್ಲಿ ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೇ 2016ರಲ್ಲಿ ಕೈಬಿಟ್ಟಿತು. ಅಂಗಡಿಯೊಂದಕ್ಕೆ ಕೊಟ್ಟು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆವು. ಸಂಜೆ ಚಹಾ ಮುಗಿಸಿ ಎಲ್ಲರೂ ಟೀವಿಯ ಮುಂದೆ ಕೂತೆವು. ಚಿತ್ರ ಮೂಡಿತು. ನಾವೆಲ್ಲ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಗೊಳ್ಳನೆ ನಕ್ಕೆವು.

ಕಡ್ಡಿಯಂತಿದ್ದ ನನ್ನ ತಮ್ಮ ಪೈಲ್ವಾನನಾಗಿದ್ದ. ಮದುಮಗಳ ಮುಖ ಜೋಳದ ರೊಟ್ಟಿಯಷ್ಟು ಅಗಲವಾಗಿತ್ತು. ಮಂಟಪದ ಬಾಳೆಗಿಡಗಳು ಹಲಸಿನ ಮರದ ಗಾತ್ರಕ್ಕೆ ಬಂದಿದ್ದವು. ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು, "ಅಕ್ಕಾರ, ಖರೇ ಹೇಳ್ರಿ, ನಾ ಅವಾಗs ಇಷ್ಟು ದಪ್ಪ ಇದ್ನೇನ್ರಿ?"

ನಾನು ಮೂವತ್ತೊಂದು ವರ್ಷ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿದವಳು. ನನ್ನ ಕಣ್ಣು ಹೋದದ್ದು ಗೋಡೆಯ ಗಡಿಯಾರದ ಮೇಲೆ. ಅದು ಅಡ್ಡ ಮಲಗಿದ ಕೋಳಿಮೊಟ್ಟೆಯಂತಿತ್ತು. ಅಂದರೆ ತಪ್ಪು ನಮ್ಮ ತಮ್ಮನದೂ ಅಲ್ಲ, ಅವನ ಹೆಂಡತಿಯದೂ ಅಲ್ಲ, ಅನುಪಾತದ್ದು.

ಹಳೆಯ ಟೀವಿಯ ಪರದೆ ನೆನಪು ಮಾಡಿಕೊಳ್ಳಿ. ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನ ಟೀವಿಯಲ್ಲಿ ಅಗಲ ಹದಿನಾರು, ಎತ್ತರ ಒಂಬತ್ತು. ನಾಲ್ಕು-ಮೂರನ್ನು ಹನ್ನೆರಡು-ಒಂಬತ್ತು ಎಂದು ಬರೆದರೆ ವಿಷಯ ತಿಳಿಯಾಗುತ್ತದೆ. ಎತ್ತರ ಎರಡಕ್ಕೂ ಒಂಬತ್ತೇ. ಹನ್ನೆರಡು ಪಾಲು ಅಗಲದ ಚಿತ್ರವನ್ನು ಹದಿನಾರು ಪಾಲಿಗೆ ಎಳೆದುಬಿಟ್ಟಿದ್ದಾರೆ. ಪ್ರತಿಯೊಬ್ಬರೂ ಮೂರರಲ್ಲಿ ಒಂದು ಪಾಲು ಹೆಚ್ಚು ದಪ್ಪ. ಪರದೆಯಲ್ಲಿ ಒಂದಿಷ್ಟೂ ಜಾಗ ಖಾಲಿ ಉಳಿಯಬಾರದು ಎಂಬ ಹಟ, ಅಷ್ಟೇ. ಊಟದ ಎಲೆಯ ಮೇಲೆ ಒಂದಿಂಚು ಜಾಗ ಕಂಡರೂ ಬಡಿಸುತ್ತಲೇ ಇರುವ ಬೀಗರ ಹಾಗೆ.

ಹುಡುಗಿ ಮರುದಿನವೇ ಅಂಗಡಿಗೆ ಹೋಗಿ, ಹಿಗ್ಗಿಸುವುದಕ್ಕೆ ಮೊದಲಿನ ಮೂಲ ಫೈಲುಗಳನ್ನು ತಂದಳು. ಮೂವತ್ತೇಳು ತುಂಡುಗಳಿದ್ದವು. ಲ್ಯಾಪ್‌ಟಾಪ್ ತೆರೆದಳು. ಬಣ್ಣಬಣ್ಣದ ಚಿತ್ರಗಳನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಾಳೆಂದು ನಾನು ಕಾದರೆ, ಅವಳು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಹೊಡೆಯುತ್ತ ಕೂತಳು. ನನ್ನ ಕಾಲದ ಕರಿಹಲಗೆಯೇ!

"ಏನ ಬರಿಯಾಕ್ಹತ್ತೀಯ ಅದು?"

"ಸ್ಕ್ರಿಪ್ಟ್ ಅತ್ತಿ. ಮೂವತ್ತೇಳು ಫೈಲ್ ಒಂದೊಂದs ತಗದು ಯಾರು ಕುಂದ್ರತಾರ? ಏನೇನ್ ಮಾಡಬೇಕು ಅಂತ ಒಮ್ಮೆ ಬರದಿಟ್ರ ಅದs ಮಾಡಕೊಂತ ಹೊಕ್ಕೈತಿ."

ನನಗೆ ಅಡಿಗೆಯವರ ಚೀಟಿ ನೆನಪಾಯಿತು. ನೂರು ಎಲೆಗೆ ಇಷ್ಟು ಅಕ್ಕಿ, ಇಷ್ಟು ಬೇಳೆ ಎಂದು ಒಮ್ಮೆ ಬರೆದುಕೊಟ್ಟರೆ ಪಂಕ್ತಿ ಪಂಕ್ತಿಗೆ ನಾವು ಒಲೆಯ ಮುಂದೆ ನಿಲ್ಲಬೇಕಿಲ್ಲ. ಅವಳ ಚೀಟಿ ಪೈಥಾನ್ ಎಂಬ ಭಾಷೆಯಲ್ಲಿತ್ತು. ಅಡಿಗೆ ಮಾಡುವವನ ಹೆಸರು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬಾತ 2000ದಲ್ಲಿ ಶುರುಮಾಡಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಸಾಧನವಂತೆ. ಚೀಟಿಯ ತಾತ್ಪರ್ಯ ಇಷ್ಟು: ಈ ಫೋಲ್ಡರಿನಲ್ಲಿರುವ ಒಂದೊಂದು ಫೈಲನ್ನೂ ತೆಗೆದುಕೋ, ಎತ್ತರವನ್ನು 1080 ಚುಕ್ಕೆ ಮಾಡು, ಅಗಲ ಅದೇ ಅನುಪಾತದಲ್ಲಿ ಎಷ್ಟು ಬರುತ್ತದೋ ಅಷ್ಟು ಮಾಡು, ಉಳಿದ ಜಾಗದಲ್ಲಿ ಎರಡೂ ಬದಿಗೆ ಕಪ್ಪು ತುಂಬು, ಬೇರೆ ಹೆಸರಿಟ್ಟು ಉಳಿಸು, ಮುಂದಿನ ಫೈಲಿಗೆ ಹೋಗು.

ಮೊದಲ ತುಂಡು ಬಂತು. "ಬರೋಬರಿ ಬಂತು ನೋಡ್ರಿ!" ಎಂದಳು. ಎಲ್ಲರೂ ತೆಳ್ಳಗಾಗಿದ್ದರು. ಹೆಂಗಸರಿಗೆ ಸಂತೋಷವಾಯಿತು. ನನಗೇಕೋ ಸಮಾಧಾನವಾಗಲಿಲ್ಲ. ಪಟ್ಟಿಯೊಂದನ್ನು ತಂದು ಟೀವಿಯ ಗಾಜಿನ ಮೇಲಿಟ್ಟು ಗಡಿಯಾರವನ್ನು ಅಳೆದೆ. ಎತ್ತರ 16 ಸೆಂಟಿಮೀಟರ್, ಅಗಲ 15. ನಿನ್ನೆ ಮಲಗಿದ್ದ ಮೊಟ್ಟೆ ಇವತ್ತು ಎದ್ದು ನಿಂತಿದೆ!

"ಮಾಸ್ತರಣಿ ಮನ್ಯಾಗ ಇದ್ರ ಹಿಂಗs," ಎಂದು ತಮ್ಮ ಗೊಣಗಿದ. ಹುಡುಗಿ ಮಾತ್ರ ಬೆರಳು ಕಚ್ಚಿಕೊಂಡು ಲೆಕ್ಕಕ್ಕೆ ಕೂತಳು. ಕಾರಣ ಸಿಕ್ಕಿತು. ನಮ್ಮ ದೇಶದ ಹಳೆಯ ಟೀವಿ ಪದ್ಧತಿಯಲ್ಲಿ ಕಾಣುವ ಗೆರೆಗಳು 576. ಆ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವಾಗ ಒಂದೊಂದು ಗೆರೆಯಲ್ಲಿ 720 ಚುಕ್ಕೆ ಹಿಡಿಯುತ್ತಾರೆ. ಆದರೆ ಆ ಚುಕ್ಕೆಗಳು ಚೌಕವಲ್ಲ, ತುಸು ಅಗಲ. ಈಗಿನ ಪರದೆಯ ಚುಕ್ಕೆಗಳು ಚೌಕ. ಹಾಗಾಗಿ 720 ಎಂದಿದ್ದನ್ನು 768 ಎಂದೇ ತಿಳಿದು ಹಿಗ್ಗಿಸಬೇಕು. 768ಕ್ಕೆ 576 ಎಂದರೆ ನಾಲ್ಕಕ್ಕೆ ಮೂರು. ಎತ್ತರ 576ರಿಂದ 1080ಕ್ಕೆ ಏರಿದರೆ ಅಗಲ 768ರಿಂದ 1440ಕ್ಕೆ ಏರುತ್ತದೆ. ಟೀವಿಯ ಅಗಲ 1920. ಉಳಿದದ್ದು 480. ಎಡಕ್ಕೆ 240, ಬಲಕ್ಕೆ 240. ಶೇಷವಿಲ್ಲದೆ ಭಾಗವಾಗುವ ಲೆಕ್ಕ ಕಂಡರೆ ಈ ವಯಸ್ಸಿನಲ್ಲೂ ನನಗೆ ಖುಷಿ. ಗಡಿಯಾರ ದುಂಡಗಾಯಿತು. ತಮ್ಮ ಕಡ್ಡಿಯಾದ.

ಇನ್ನೊಂದು ದೋಷವಿತ್ತು. ಯಾರಾದರೂ ಕೈ ಬೀಸಿದರೆ, ಅಕ್ಷತೆ ಎರಚಿದರೆ, ಆ ಕೈಯ ಅಂಚು ಹಲ್ಲುಹಲ್ಲಾಗಿ ಕಾಣುತ್ತಿತ್ತು. ಇಳಕಲ್ಲಿನ ತವರಿನವಳಾದ ತಮ್ಮನ ಹೆಂಡತಿ ಥಟ್ಟನೆ, "ಇದು ನಮ್ಮ ಸೆರಗಿನ ಹಣಿಗಿ ಇದ್ದಂಗ ಐತಿ ನೋಡ್ರಿ," ಎಂದಳು. ಇಳಕಲ್ ಸೀರೆಯ ತೋಪು ತೆನೆಯ ಸೆರಗಿನಲ್ಲಿ ಕೋಟೆಯ ತೆನೆ, ಬಾಚಣಿಗೆಯ ಹಲ್ಲಿನಂಥ ಹಣಿಗೆ ಎಲ್ಲ ನೇಯುತ್ತಾರಲ್ಲ, ಹಾಗೆ. ನಮ್ಮ ಹುಡುಗಿ ಚಪ್ಪಾಳೆ ತಟ್ಟಿದಳು. ಇಂಗ್ಲಿಷಿನಲ್ಲೂ ಅದಕ್ಕೆ ಬಾಚಣಿಗೆಯ ಹೆಸರೇ ಇದೆಯಂತೆ. ಹಳೆಯ ಟೀವಿ ಒಂದು ಚಿತ್ರವನ್ನು ಒಂದೇ ಏಟಿಗೆ ಬಿಡಿಸುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಎರಡರ ನಡುವಿನ ಸೆಕೆಂಡಿನ ಐವತ್ತರಲ್ಲೊಂದು ಪಾಲಿನಲ್ಲಿ ಕೈ ಮುಂದೆ ಸರಿದಿರುತ್ತದೆ, ಅದೇ ಹಲ್ಲು. ಹಿಗ್ಗಿಸುವ ಮೊದಲೇ ಈ ಹಲ್ಲನ್ನು ತೆಗೆಯಬೇಕು, ಹಿಗ್ಗಿಸಿದ ಮೇಲೆ ಹೋಗದು. ಚೀಟಿಗೆ ಇನ್ನೊಂದು ಮಾತು ಸೇರಿತು.

ರಾತ್ರಿ ಊಟವಾದ ಮೇಲೆ ಸ್ಕ್ರಿಪ್ಟನ್ನು ಓಡಲು ಬಿಟ್ಟು ಮಲಗಿದೆವು. ಸೆಕೆಂಡಿಗೆ 25 ಚಿತ್ರ, ಒಟ್ಟು ಐದು ತಾಸು. ನಾಲ್ಕೂವರೆ ಲಕ್ಷ ಚಿತ್ರಗಳನ್ನು ಒಂದೊಂದಾಗಿ ಹಿಗ್ಗಿಸಿ ಅಂಚು ಕಟ್ಟುವ ಕೆಲಸ. ನಾವು ಹಪ್ಪಳ ಲಟ್ಟಿಸುವಾಗ ನೂರಕ್ಕೇ ಸೊಂಟ ಹಿಡಿಯುತ್ತದೆ.

ಬೆಳಿಗ್ಗೆ ಎದ್ದು ಮೊದಲು ನೋಡಿದ್ದು ಎರಡನೆಯ ಕ್ಯಾಸೆಟ್ಟಿನ ಕೊನೆಯ ಭಾಗ. ಮದುವೆಯ ಮೂರನೆಯ ದಿನ ಮದುಮಕ್ಕಳನ್ನು ಬನಶಂಕರಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಬಾದಾಮಿಯ ಗುಹೆಗಳಿಗೆ ಹೋಗಿದ್ದೆವು. ಹುನಗುಂದದಿಂದ ಬಂದಿದ್ದ ವಿಡಿಯೋದ ಹುಡುಗನೂ ಜೊತೆಗಿದ್ದ. ಎರಡನೆಯ ಗುಹೆಯ ತ್ರಿವಿಕ್ರಮನ ಮುಂದೆ ತಮ್ಮನನ್ನೂ ಹೆಂಡತಿಯನ್ನೂ ನಿಲ್ಲಿಸಿದ್ದಾನೆ. ಅವರಿಬ್ಬರ ಮುಖ ಹಿಡಿದರೆ ದೇವರ ಎತ್ತಿದ ಕಾಲು ಸಿಗದು, ಕಾಲು ಹಿಡಿದರೆ ಇವರು ಸಿಗರು. ಕ್ಯಾಮೆರಾ ಮೇಲೆ ಕೆಳಗೆ ಆಡುತ್ತಲೇ ಇದೆ. ಆ ಶಿಲ್ಪವನ್ನು ನೀವು ನೋಡಿರಬಹುದು. ಕೊಡೆ ಹಿಡಿದ ಪುಟ್ಟ ವಾಮನ ಕೆಳಗೆ, ಲೋಕ ಅಳೆಯುವ ತ್ರಿವಿಕ್ರಮ ಪಕ್ಕದಲ್ಲಿ, ಇಬ್ಬರೂ ಒಂದೇ ಕಲ್ಲಿನ ಚೌಕಟ್ಟಿನಲ್ಲಿ. ಆರನೆಯ ಶತಮಾನದ ಆ ಶಿಲ್ಪಿಗೆ ವಾಮನನನ್ನು ದೊಡ್ಡದು ಮಾಡುವಾಗ ಎಳೆದು ಅಗಲ ಮಾಡುವ ಯೋಚನೆ ಬರಲಿಲ್ಲ. ಕೈಕಾಲು ಮುಖ ಎಲ್ಲ ಲೆಕ್ಕಕ್ಕೆ ತಕ್ಕಂತೆ ಬೆಳೆದಿವೆ. ಆದರೆ ಒಬ್ಬ ಅಷ್ಟು ಬೆಳೆದದ್ದಕ್ಕೆ ಸುತ್ತಲಿನವರೆಲ್ಲ ಮೊಣಕಾಲೆತ್ತರಕ್ಕೆ ಇಳಿದಿದ್ದಾರೆ, ಅದೂ ನಿಜ. ನನಗೆ ಆಗ ಅದು ಬರೀ ಶಿಲ್ಪದ ಮಾತಾಗಿ ಕಂಡಿತ್ತು.

ಅಂದು ಮಧ್ಯಾಹ್ನ ಹುಡುಗಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ತುಣುಕು ಹಾಕಿದಳು. ಮುಹೂರ್ತದ ಹೊತ್ತಿನದು. ಫೋನಿನ ಪರದೆಗೆ ಸರಿಯಾಗಿ ಉದ್ದುದ್ದ ಕತ್ತರಿಸಿದ್ದಳು, ಬದಿಗೆ ಕಪ್ಪು ಪಟ್ಟಿ ಇಲ್ಲ, ಪರದೆ ತುಂಬ ಮದುಮಕ್ಕಳು. ಬೆಳಗಾವಿಯಿಂದ, ಪುಣೆಯಿಂದ, ದುಬೈಯಿಂದ ಹೂವು ಹೃದಯಗಳ ಮಳೆ. ನಾನು ಅದನ್ನು ಎರಡು ಸಲ ನೋಡಿದೆ. ಮೂರನೆಯ ಸಲ ಫೋನನ್ನು ಅಡ್ಡ ಹಿಡಿದು ನೋಡಿದೆ.

"ಇದರಾಗ ದೊಡ್ಡವ್ವ ಎಲ್ಲೆವ್ವಾ?"

"ಯಾವ ದೊಡ್ಡವ್ವ ಅತ್ತಿ?"

ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಹುಟ್ಟಿದ ಮರುವರ್ಷ, 1999ರಲ್ಲಿ, ದೊಡ್ಡವ್ವ ಹೋದಳು.

ದೊಡ್ಡವ್ವ ನಮ್ಮ ತಂದೆಯ ಅಣ್ಣನ ಹೆಂಡತಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಉಳಿದವಳು. ನಮ್ಮವ್ವ ಹಡೆದಳು, ಬೆಳೆಸಿದವಳು ದೊಡ್ಡವ್ವ. ನಸುಕಿನಲ್ಲಿ ನೀರು ತುಂಬಿ, ನಲವತ್ತು ರೊಟ್ಟಿ ಬಡಿದು, ನನ್ನ ಎರಡು ಜಡೆ ಹೆಣೆದು ಸಾಲೆಗೆ ಕಳಿಸುತ್ತಿದ್ದಳು. ತಮ್ಮನಿಗೆ ವಿಷಮಶೀತ ಜ್ವರ ಬಂದಾಗ ಇಪ್ಪತ್ತೊಂದು ರಾತ್ರಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳು. ಆ ತಮ್ಮನ ಮದುವೆಯಲ್ಲಿ ಅವಳು ಮಂಟಪದ ಹತ್ತಿರ ಬರುವಂತಿರಲಿಲ್ಲ. ಶುಭಕಾರ್ಯದಲ್ಲಿ ಅಂಥವರು ಮುಂದೆ ಬರಬಾರದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಪ್ರಸಂಗವೇ ಬಾರದಂತೆ ಅವರೇ ನಡೆದುಕೊಳ್ಳುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ, ಯಾರದೋ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಮದುವೆಯ ಫೋಟೋ ಆಲ್ಬಮ್ಮಿನಲ್ಲಿ ಅವಳ ಒಂದು ಫೋಟೋ ಇಲ್ಲ. ಸಹಾಯಕ ಹುಡುಗ ಎತ್ತಿ ಹಿಡಿದ ದೊಡ್ಡ ದೀಪದ ಬೆಳಕು ಒಮ್ಮೆ ಬಾಗಿಲವರೆಗೂ ಚೆಲ್ಲಿದ್ದರಿಂದ, ವಿಡಿಯೋದ ಎಡ ಅಂಚಿನಲ್ಲಿ ಅವಳು ಕಾಣಿಸುತ್ತಾಳೆ. ನಲವತ್ತೊಂದು ಸೆಕೆಂಡು. ಸೆಕೆಂಡಿಗೆ 25ರಂತೆ 1025 ಚಿತ್ರ. ಅವಳು ಈ ಭೂಮಿಯ ಮೇಲೆ ಇದ್ದಳೆಂಬುದಕ್ಕೆ ನಮ್ಮಲ್ಲಿರುವ ಚಿತ್ರ ಅಷ್ಟೇ.

ಫೋನಿಗಾಗಿ ಉದ್ದುದ್ದ ಕತ್ತರಿಸಿದಾಗ 768 ಚುಕ್ಕೆ ಅಗಲದಲ್ಲಿ ಉಳಿಯುವುದು ನಡುವಿನ 324 ಮಾತ್ರ. ಅರ್ಧಕ್ಕಿಂತ ಹೆಚ್ಚು ಹೊರಗೆ. ಸ್ಕ್ರಿಪ್ಟಿಗೆ ಯಾರ ಮೇಲೂ ಸಿಟ್ಟಿಲ್ಲ. ನಡುವೆ ಇದ್ದದ್ದು ಮುಖ್ಯ, ಬದಿಗೆ ಇದ್ದದ್ದು ಬೇಡ ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ, ಅದು ಕೇಳುತ್ತದೆ.

ನನಗೆ 1994ರ ಒಂದು ರಾತ್ರಿ ನೆನಪಾಯಿತು. ಕ್ಯಾಸೆಟ್ ಬಂದ ಹೊಸತು. ಬಾಡಿಗೆಯ ವಿಸಿಪಿ ತಂದು, ಓಣಿಯ ಅರ್ಧ ಮಂದಿ ಪಡಸಾಲೆಯಲ್ಲಿ ತುಂಬಿದ್ದರು. ದೊಡ್ಡವ್ವ ಹಿಂದೆ ಕಂಬಕ್ಕೆ ಆತು ಕೂತಿದ್ದಳು. ಬಾಗಿಲಲ್ಲಿ ತಾನೇ ನಿಂತದ್ದು ಕಂಡ ಕೂಡಲೇ, "ಯವ್ವಾ, ನಾ ಯಾಕ ಬಂದೀನಿ ಇದರಾಗ? ಅಕ್ಷತಿ ಬೀಳೂ ಹೊತ್ತಿನ್ಯಾಗ... ತಗಸ್ರಿ ಅದನ್ನ," ಎಂದಳು. ಯಾರೋ, "ಸುಮ್ಮನ ಕುಂದ್ರ ಮುದುಕಿ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ತೆಗೆಸಿ ಎಂದವಳು ಅವಳು. ಮೂವತ್ತು ವರ್ಷದ ಮೇಲೆ ಯಾರೂ ಹೇಳದೆಯೇ ಅದು ನಡೆದುಹೋಗಿತ್ತು. ಅವಳ ಮಾತು ಉಳಿಸಬೇಕೋ ಅವಳನ್ನು ಉಳಿಸಬೇಕೋ? ರಾತ್ರಿ ಇದೇ ಯೋಚನೆ. ಕೊನೆಗೆ ತೀರ್ಪು ಕೊಟ್ಟವಳು ತಮ್ಮನ ಹೆಂಡತಿ. ಅವಳ ತವರಿನಲ್ಲಿ ಮಗ್ಗಗಳಿದ್ದವು. "ಅಕ್ಕಾರ, ನಮ್ಮ ಸೀರಿ ನೇಯಾಕ ಮೂರು ಲಾಳಿ ಬೇಕ್ರಿ. ನಡುವಿನ ಒಡಲಿಗೆ ಒಂದು, ಎರಡೂ ದಡಿಗೆ ಒಂದೊಂದು. ದಡಿ ಬ್ಯಾಡ ಅಂತ ಬಿಟ್ರ ಅದು ಇಳಕಲ್ ಸೀರಿ ಅಲ್ಲs ಅಲ್ಲ, ಬರೇ ಅರಿವಿ." ಅಷ್ಟು ಹೇಳಿ ಅವಳು ಹಾಲು ಹೆಪ್ಪು ಹಾಕಲು ಹೋದಳು.

ಮರುದಿನ ಹುಡುಗಿಗೆ, ಫೋನಿನದೂ ಇಡಿಯಾಗಿಯೇ ಇರಲಿ, ಮೇಲೆ ಕೆಳಗೆ ಖಾಲಿ ಉಳಿದರೆ ಉಳಿಯಲಿ ಎಂದೆ. "ಹಂಗಾದ್ರ ನೀವs ಬರೀರಿ," ಎಂದು ಲ್ಯಾಪ್‌ಟಾಪ್ ನನ್ನ ಮುಂದೆ ಸರಿಸಿದಳು. ಸಣ್ಣದಾಗಿರಲಿ, ಬೇಗ ಹೋಗಲಿ ಎಂದು ಅಗಲ 540 ಬರೆದೆ. ನಾಲ್ಕಕ್ಕೆ ಮೂರಾದರೆ ಎತ್ತರ 405. ಕೀಲಿ ಒತ್ತಿದೆ. ಕೆಂಪು ಅಕ್ಷರದಲ್ಲಿ ಬೈಗುಳ ಬಂತು. ಎರಡರಿಂದ ಭಾಗವಾಗದ ಅಂಕಿ ಅದಕ್ಕೆ ನಡೆಯದಂತೆ. ಈ ಬಗೆಯ ವಿಡಿಯೋದಲ್ಲಿ ಬಣ್ಣವನ್ನು ಎರಡೆರಡು ಚುಕ್ಕೆಗೆ ಹಂಚಿ ಬರೆಯುವುದರಿಂದ ಅಳತೆ ಸಮಸಂಖ್ಯೆಯೇ ಆಗಬೇಕು. ಮದುವೆಯ ಮುಯ್ಯಿಗೆ ನಾವು 101, 501 ಎಂದು ಹುಡುಕಿ ಒಂದು ರೂಪಾಯಿ ಸೇರಿಸುತ್ತೇವೆ. ಕಂಪ್ಯೂಟರಿಗೆ ಅದೇ ಅಪಶಕುನ! ಅಗಲ 720, ಎತ್ತರ 540 ಮಾಡಿದೆ. ಓಡಿತು. ನಾನು ಬರೆದ ಮೊದಲ ಸ್ಕ್ರಿಪ್ಟು ಅದು.

ದೊಡ್ಡವ್ವ ಬಂದಳು, ಆದರೆ ಮಸುಕು ಮಸುಕಾಗಿ. ಮೂಲದಲ್ಲಿ ಅವಳ ಮುಖವೆಂದರೆ ಹೆಬ್ಬೆಟ್ಟಿನಷ್ಟು ಜಾಗ. ಚಿತ್ರ ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ. ಎರಡು ಚುಕ್ಕೆಗಳ ನಡುವೆ ಜಾಗ ಬಿದ್ದಾಗ ಅಕ್ಕಪಕ್ಕದ ಬಣ್ಣ ನೋಡಿ ನಡುವಿನದನ್ನು ಅಂದಾಜು ಮಾಡಿ ತುಂಬುತ್ತದೆ. ಒಂದು ಕಡೆ ಬಿಳಿ, ಇನ್ನೊಂದು ಕಡೆ ಕೆಂಪು ಇದ್ದರೆ ನಡುವೆ ಗುಲಾಬಿ. "ಈಗ ಮುಖಾ ಸ್ವಚ್ಛ ಮಾಡೂದೂ ಐತಿ ಅತ್ತಿ, ಕೃತಕ ಬುದ್ಧಿಮತ್ತೆಯಿಂದ," ಎಂದು ಹುಡುಗಿ ಒಂದು ಚಿತ್ರಕ್ಕೆ ಅದನ್ನು ಹಚ್ಚಿ ತೋರಿಸಿದಳು. ಕಣ್ಣು ಮೂಗು ಹುಬ್ಬು ಎಲ್ಲ ಸ್ಪಷ್ಟವಾಗಿ ಒಬ್ಬ ಹೆಂಗಸು ಕಾಣಿಸಿದಳು. ಚೆಂದದ ಮುದುಕಿ. ಆದರೆ ನಮ್ಮ ದೊಡ್ಡವ್ವನಲ್ಲ. ದೊಡ್ಡವ್ವನ ಎಡಗಣ್ಣು ತುಸು ಸಣ್ಣದಿತ್ತು, ಒಲೆಯ ಕಿಡಿ ಸಿಡಿದು. ಬೇರೆ ಸಾವಿರಾರು ಮುಖಗಳನ್ನು ಕಲಿತ ಯಂತ್ರಕ್ಕೆ ನಮ್ಮ ಒಲೆಯ ಕಿಡಿ ಹೇಗೆ ಗೊತ್ತಿರುತ್ತದೆ? ಬೇಡ, ಮಸುಕೇ ಇರಲಿ ಎಂದೆ. ಮಸುಕಿನೊಳಗೆ ಉಳಿದದ್ದನ್ನು ನಾನು ತುಂಬಿಕೊಳ್ಳಬಲ್ಲೆ.

ಆ ಸಂಜೆ ಒಬ್ಬಳೇ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆ ನಲವತ್ತೊಂದು ಸೆಕೆಂಡು ನೋಡಿದೆ. ದೊಡ್ಡವ್ವ ಮಂಟಪದ ಕಡೆ ನೋಡುತ್ತಿದ್ದಾಳೆ. ತುಟಿ ಅಲುಗುತ್ತಿದೆ, ಏನೋ ಹೇಳಿಕೊಳ್ಳುತ್ತಿದ್ದಾಳೆ. ಕೂಸು ಅವಳ ಸೆರಗು ಎಳೆಯುತ್ತಿದೆ. ಕ್ಯಾಮೆರಾ ಅವಳತ್ತ ತುಸು ತಿರುಗುತ್ತದೆ, ಅವಳು ನಡುವಿಗೆ ಬರಬೇಕು, ಅಷ್ಟರಲ್ಲಿ ವಾದ್ಯದ ಗದ್ದಲದ ನಡುವೆ, ಕ್ಯಾಮೆರಾದ ತೀರ ಹತ್ತಿರದಿಂದ ಒಂದು ಹೆಣ್ಣುದನಿ: "ಏ, ಆ ಕಡಿ ಬ್ಯಾಡ್ರಿ, ಈ ಕಡಿ ಹಿಡೀರಿ." ದೊಡ್ಡವ್ವ ಸೆರಗು ಮುಂದಕ್ಕೆಳೆದುಕೊಂಡು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾಳೆ. ಕ್ಯಾಮೆರಾ ತಿರುಗಿಬಿಡುತ್ತದೆ.

ಆ ದನಿ ನನ್ನದು.

ಆರು ಸಲ ಕೇಳಿದೆ. ಅನುಮಾನವೇ ಇಲ್ಲ. ತರಗತಿಯ ಹಿಂದಿನ ಬೆಂಚಿಗೆ ಮುಟ್ಟುವ ದನಿ. ನನಗೆ ಹೇಳಿದ ನೆನಪೇ ಇಲ್ಲ. ಇಷ್ಟು ವರ್ಷ ನಾನು ಎಲ್ಲರ ಮುಂದೆ, ಹಿರಿಯರ ಕಾಲದ ಸಂಪ್ರದಾಯ, ನಾವೇನು ಮಾಡಲಿಕ್ಕಾಗುತ್ತಿತ್ತು ಎನ್ನುತ್ತಿದ್ದೆ. ಕೂಡಲಸಂಗಮ ನಮ್ಮದೇ ಹುನಗುಂದದ ಸೀಮೆಯಲ್ಲಿದೆ. ಪ್ರತಿ ವರ್ಷ ಬಸವ ಜಯಂತಿಗೆ ಸಾಲೆಯಲ್ಲಿ ಸಮಾನತೆಯ ಮೇಲೆ ಭಾಷಣ ಮಾಡಿದವಳೂ ನಾನೇ. ಹಿರಿಯರು ಯಾರೂ ಆ ಹುಡುಗನಿಗೆ ಏನೂ ಹೇಳಿರಲಿಲ್ಲ. ಹೇಳಿದವಳು ಕಲಿತ ಮಗಳು, ದೊಡ್ಡವ್ವ ಜಡೆ ಹೆಣೆದು ಸಾಲೆಗೆ ಕಳಿಸಿದವಳು. ಆ ರಾತ್ರಿ 'ತಗಸ್ರಿ' ಎಂದಾಗ ದೊಡ್ಡವ್ವನ ಮನಸ್ಸಿನಲ್ಲಿ ಇದ್ದದ್ದು ಸಂಪ್ರದಾಯವೋ ನನ್ನ ಈ ಮಾತೋ?

ಹುಡುಗಿ ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು. ನಾನು ಇಯರ್‌ಫೋನಿನ ಒಂದು ಕಡ್ಡಿಯನ್ನು ಅವಳ ಕಿವಿಗೆ ಕೊಟ್ಟೆ. ಅವಳು ಕೇಳಿದಳು, ನನ್ನ ಮುಖ ನೋಡಿದಳು. ಜಾಣ ಹುಡುಗಿ, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅತ್ತಿ, ಅಷ್ಟು ಕಡೆ ಧ್ವನಿ ತಗೀಬೇಕಂದ್ರ ತಗೀಬಹುದ್ರಿ. ಒಂದs ಸಾಲು ಸೇರಿಸಿದ್ರ ಸಾಕು," ಎಂದಳು. ಒಂದು ಸಾಲು! ನಾನು ಕೀಲಿಮಣೆಯ ಮೇಲೆ ಕೈಯಿಟ್ಟದ್ದು ನಿಜ. ಆಮೇಲೆ ತೆಗೆದೆ.

"ಬ್ಯಾಡವ್ವ. ಆಕಿ ಇದ್ಹಂಗs ಇರಲಿ. ನಾನೂ ಇದ್ಹಂಗs ಇರತೇನಿ."

ಕಾರ್ಯಕ್ರಮದ ದಿನ ನವನಗರದ ಮನೆಯಲ್ಲಿ ಎಪ್ಪತ್ತು ಮಂದಿ ಸೇರಿದ್ದರು. ದೊಡ್ಡ ಟೀವಿಯಲ್ಲಿ ಹಳೆಯ ಓಣಿ ಕಂಡಾಗ ಗಂಡಸರೂ ಮೂಗು ಒರೆಸಿಕೊಂಡರು. "ಎಡಕ್ಕ ಬಲಕ್ಕ ಕರೇ ಪಟ್ಟಿ ಯಾಕ ಬಿಟ್ಟೀರಿ? ಟೀವಿ ತುಂಬ ಬರೂದಿಲ್ಲೇನು?" ಎಂದು ಬೀಗರೊಬ್ಬರು ಕೇಳಿದರು. ಬಂದರೆ ಎಲ್ಲರೂ ದಪ್ಪ ಆಗುತ್ತಾರೆ ಎಂದೆ. ಹೆಂಗಸರು ಒಪ್ಪಿಕೊಂಡರು.

ಮುಹೂರ್ತ ಬಂತು. ಎಡ ಅಂಚಿನಲ್ಲಿ, ಕಪ್ಪು ಪಟ್ಟಿಗೆ ಹತ್ತಿಕೊಂಡು, ದೊಡ್ಡವ್ವ. ತಮ್ಮ ಮುಂದಕ್ಕೆ ಬಾಗಿ ಕೂತ. "ದೊಡ್ಡವ್ವ ಅಲ್ಲಾ ಅಕ್ಕಾ?" ಎಂದ. ದನಿ ಹೂತುಹೋಗಿತ್ತು. ಸಣ್ಣ ಮಕ್ಕಳು ಯಾರಾಕೆ, ಯಾರಾಕೆ ಎಂದು ಕೇಳಿದರು. ಒಬ್ಬೊಬ್ಬರು ಒಂದೊಂದು ಹೇಳತೊಡಗಿದರು. ಅವಳ ರೊಟ್ಟಿ, ಅವಳ ಹಿಂಡಿ, ಅವಳು ಹೇಳುತ್ತಿದ್ದ ಒಗಟು. ಅಷ್ಟರಲ್ಲಿ ಆ ಮಾತು ಕೇಳಿಸಿತು: "ಏ, ಆ ಕಡಿ ಬ್ಯಾಡ್ರಿ, ಈ ಕಡಿ ಹಿಡೀರಿ."

"ಅಕ್ಕನ ದನಿ! ಅವಾಗಿಂದs ಹಿಂಗs ಹುಕುಂ!" ಎಂದು ಯಾರೋ ಕೂಗಿದರು. ಇಡೀ ಮನೆ ನಕ್ಕಿತು.

ನಾನು ನಗಲಿಲ್ಲ. ತಮ್ಮನ ಹೆಂಡತಿಯೂ ನಗಲಿಲ್ಲ. ಅವಳು ಎದ್ದು ಬಂದು ನನ್ನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಪರದೆಯಲ್ಲಿ ಆಗಲೇ ಅಕ್ಷತೆ ಬೀಳುತ್ತಿತ್ತು.